ವಿಡಿಯೊ ಕಡತದೊಳಗಿನ ‘ಕಮೆಂಟ್’: ಟಿಪ್ಪಣಿ ಎನ್ನೋಣವೇ, ಷರಾ ಎನ್ನೋಣವೇ?

ಪದಚರ್ಚೆಯ ಮಿತ್ರರಿಗೆ ನಮಸ್ಕಾರ.

ಮುಂಬಯಿಯ ಮಾಟುಂಗಾ, ಡೊಂಬಿವಲಿ ಕಡೆಗಳಲ್ಲಿ ನಡೆದ ಯಕ್ಷಗಾನ ಮತ್ತು ತಾಳಮದ್ದಳೆಗಳ ಹಳೆಯ ವಿಎಚ್‌ಎಸ್ ಕ್ಯಾಸೆಟ್ಟುಗಳನ್ನು ಡಿಜಿಟಲ್ ರೂಪಕ್ಕೆ ತರುವ ಕೆಲಸದಲ್ಲಿ ನಾವು ಕೆಲವರು ತೊಡಗಿದ್ದೇವೆ. ಕ್ಯಾಸೆಟ್ಟಿನ ಡಬ್ಬಿಯ ಮೇಲೆ ಅಂಟಿಸಿದ ಚೀಟಿ ಕಾಲಕ್ರಮದಲ್ಲಿ ಉದುರಿಹೋಗುವುದರಿಂದ, ಅದರಲ್ಲಿರುವ ಮಾತುಗಳನ್ನು ವಿಡಿಯೊ ಕಡತದ ಮೆಟಾಡೇಟಾದಲ್ಲಿಯೇ, ಎಂದರೆ ಕಡತದೊಳಗೆ ಅದರ ಬಗೆಗಿನ ಮಾಹಿತಿಗೆಂದೇ ಇರುವ ಜಾಗದಲ್ಲಿ, ಬರೆದಿಡಬೇಕೆಂದು ನಿಶ್ಚಯಿಸಿದ್ದೇವೆ. ಸ್ವಯಂಸೇವಕರಿಗಾಗಿ ನಾನು ಸಿದ್ಧಪಡಿಸುತ್ತಿರುವ ಕೈಪಿಡಿಯಲ್ಲಿ, ಅಲ್ಲಿನ ‘ಕಮೆಂಟ್’ ಎಂಬ ಕಾಲಮ್ಮಿಗೆ ಯಾವ ಕನ್ನಡ ಪದ ಹೊಂದುತ್ತದೆ ಎಂಬುದೇ ನನ್ನ ಪ್ರಶ್ನೆ.

ಈ ಕಾಲಂ ಯಾವ ಬಗೆಯದು ಎಂಬುದನ್ನು ಮೊದಲು ಹೇಳಬೇಕು. ಎಂಪಿ4 ಕಡತದಲ್ಲಿ ದೃಶ್ಯ ಮತ್ತು ಧ್ವನಿಯ ಜೊತೆಗೆ ಶೀರ್ಷಿಕೆ, ಕಲಾವಿದರ ಹೆಸರು, ವಿವರಣೆ, ಕಮೆಂಟ್ ಮುಂತಾದವುಗಳಿಗೆ ಬೇರೆಬೇರೆ ಸ್ಥಾನಗಳಿವೆ. ಎಂಕೆವಿ ಎಂದು ನಾವು ಕರೆಯುವ ಮಟ್ರೋಸ್ಕಾ ಕಡತದಲ್ಲಿಯೂ ವಿವರಣೆಯ ಟ್ಯಾಗ್ ಬೇರೆ, ಕಮೆಂಟಿನ ಟ್ಯಾಗ್ ಬೇರೆ. ಅಷ್ಟೇ ಅಲ್ಲದೆ, ಬರೆದ ಪಠ್ಯ ಯಾವ ಭಾಷೆಯದು ಎಂಬುದನ್ನೂ ಪ್ರತಿ ಟ್ಯಾಗಿನೊಡನೆ ನಮೂದಿಸಬಹುದು. ಈ ಎರಡೂ ಬಗೆಯ ಕಡತಗಳು ಯೂನಿಕೋಡ್ ಪಠ್ಯವನ್ನು ಒಪ್ಪುವುದರಿಂದ ಕನ್ನಡದಲ್ಲಿಯೇ ಬರೆಯಲು ಅಡ್ಡಿಯಿಲ್ಲ. ಹಳೆಯ ಎವಿಐ ಕಡತದಲ್ಲಿಯೂ ಕಮೆಂಟಿಗೆ ಜಾಗವಿದೆಯಾದರೂ, ಅಲ್ಲಿನ ಪಠ್ಯದ ಅಕ್ಷರಗಳು ಯಾವ ಸಂಕೇತಪದ್ಧತಿಯಲ್ಲಿವೆ ಎಂದು ಸಾಮಾನ್ಯವಾಗಿ ಸೂಚಿಸಿರುವುದಿಲ್ಲ; ಒಂದು ಪ್ಲೇಯರಿನಲ್ಲಿ ಸರಿಯಾಗಿ ಕಾಣುವ ಕನ್ನಡ ಇನ್ನೊಂದರಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಬಹುದು.

ನಾವು ಬರೆಯುವ ಒಂದು ಕಮೆಂಟ್ ಹೀಗಿರುತ್ತದೆ: ‘ಎರಡನೆಯ ಕ್ಯಾಸೆಟ್. ಆರಂಭದ ಸಭಾಲಕ್ಷಣ ಇದರಲ್ಲಿಲ್ಲ. ನಡುವೆ ಮೈಕು ಕೆಟ್ಟದ್ದರಿಂದ ಭಾಗವತರ ಧ್ವನಿ ಕ್ಷೀಣವಾಗಿದೆ, ಮದ್ದಳೆ ಮಾತ್ರ ಸ್ಪಷ್ಟ. ಚೀಟಿಯಲ್ಲಿ ಪ್ರಸಂಗದ ಹೆಸರು ಅರ್ಧ ಅಳಿಸಿದೆ.’ ಇದು ಪ್ರೇಕ್ಷಕರ ಮಾತಲ್ಲ. ಆದ್ದರಿಂದ ಅಂತರ್ಜಾಲ ಪುಟಗಳಲ್ಲಿ ರೂಢವಾಗಿರುವ ‘ಪ್ರತಿಕ್ರಿಯೆ’, ‘ಅಭಿಪ್ರಾಯ’ ಎಂಬ ಪದಗಳು ಇಲ್ಲಿ ಸಲ್ಲವು ಎಂಬುದು ನನ್ನ ದೃಢವಾದ ಅಭಿಪ್ರಾಯ. ‘ವಿವರಣೆ’ ಎನ್ನೋಣವೆಂದರೆ, ಪ್ರಸಂಗದ ಕಥಾಸಾರವನ್ನು ಬರೆಯುವ ಪಕ್ಕದ ಕಾಲಮ್ಮಿಗೆ ಆ ಹೆಸರು ಬೇಕೇ ಬೇಕು. ‘ಟೀಕೆ’ ಎಂಬುದಕ್ಕೆ ಹಿಂದೆ ವ್ಯಾಖ್ಯಾನವೆಂಬ ಅರ್ಥವಿದ್ದರೂ ಇಂದು ಅದನ್ನು ಓದಿದವರು ಯಾರೋ ಯಾರನ್ನೋ ಆಕ್ಷೇಪಿಸಿದ್ದಾರೆಂದೇ ತಿಳಿಯುತ್ತಾರೆ.

ಉಳಿಯುವುದು ‘ಟಿಪ್ಪಣಿ’ ಮತ್ತು ‘ಷರಾ’. ಟಿಪ್ಪಣಿ ಎಲ್ಲರಿಗೂ ತಿಳಿಯುವ ಪದ. ಆದರೆ ಅಡಿಟಿಪ್ಪಣಿ, ಕಚೇರಿಯ ಕಡತದ ಟಿಪ್ಪಣಿ, ಉಪನ್ಯಾಸ ಕೇಳುತ್ತ ಬರೆದುಕೊಳ್ಳುವ ಟಿಪ್ಪಣಿ ಎಲ್ಲಕ್ಕೂ ಅದೇ ಬಳಕೆಯಲ್ಲಿರುವುದರಿಂದ ಅದರ ಅಂಚು ಸವೆದಿದೆ. ಷರಾ ಹಾಗಲ್ಲ. ದಾಸ್ತಾನು ಪುಸ್ತಕದ ಕೊನೆಯಲ್ಲಿ, ಬೇರೆ ಯಾವ ಕಾಲಮ್ಮಿಗೂ ಸೇರದ, ಆದರೆ ಹೇಳದೆ ಬಿಡಲಾಗದ ಮಾತಿಗೆ ಮೀಸಲಾದ ಜಾಗ ಅದು. ನಮ್ಮ ಕಮೆಂಟಿನ ಸ್ವರೂಪವೂ ಅದೇ. ಇಲ್ಲಿಯ ಕನ್ನಡಿಗರಿಗೆ ಇನ್ನೊಂದು ಅನುಕೂಲವೆಂದರೆ, ಮರಾಠಿಯ ಸರ್ಕಾರಿ ನಮೂನೆಗಳಲ್ಲಿ ‘ಶೇರಾ’ ಎಂಬ ಕಾಲಂ ಇರುವುದರಿಂದ, ಮರಾಠಿ ಮಾಧ್ಯಮದಲ್ಲಿ ಓದಿ ಕನ್ನಡವನ್ನು ನಿಧಾನವಾಗಿ ಓದುವ ಹುಡುಗರಿಗೂ ಷರಾ ಅಪರಿಚಿತವಾಗುವುದಿಲ್ಲ. ನನ್ನ ಒಲವು ಇತ್ತಲೇ ಇದೆ. ಆದರೆ ‘ಷರಾ ಬರೆದುಬಿಟ್ಟರು’ ಎಂದಾಗ ಮೇಲಿನವರು ತೀರ್ಮಾನ ಕೊಟ್ಟು ಮುಗಿಸಿದರು ಎಂಬ ಧ್ವನಿ ಬರುತ್ತದೆ. ನಮ್ಮಲ್ಲಿ ಮಾಹಿತಿ ದೊರೆತ ಹಾಗೆ ತಿದ್ದುತ್ತ ಹೋಗುವ ಬರಹಕ್ಕೆ ಈ ಧ್ವನಿ ತೊಡಕಾದೀತೇ ಎಂಬ ಸಂದೇಹ ನನ್ನನ್ನು ಕಾಡುತ್ತಿದೆ.

ಕ್ರಿಯಾಪದದ ವಿಷಯವೂ ಇದೆ. ವಿಡಿಯೊ ಪ್ಲೇಯರ್ ಆದ ವಿಎಲ್‌ಸಿಯ ಟೂಲ್ಸ್ ಪಟ್ಟಿಯಲ್ಲಿ ಮೀಡಿಯಾ ಇನ್ಫರ್ಮೇಷನ್ ತೆರೆದರೆ ಕಮೆಂಟ್ ಕಾಣುತ್ತದೆ. ವಿಂಡೋಸಿನಲ್ಲಿ ಎಂಪಿ4 ಕಡತದ ಪ್ರಾಪರ್ಟೀಸ್‌ನ ಡೀಟೇಲ್ಸ್ ಪುಟದಲ್ಲಿಯೂ ಅದನ್ನು ಓದಬಹುದು. ವಿಡಿಯೊ ಕಡತಗಳನ್ನು ಪರಿವರ್ತಿಸುವ ತಂತ್ರಾಂಶವಾದ ಎಫ್‌ಎಫ್‌ಎಂಪೆಗ್ ಬಳಸುವವರು ದೃಶ್ಯ–ಧ್ವನಿಗಳನ್ನು ಮರುಸಂಕೇತಿಸದೆ, ಇದ್ದಂತೆಯೇ ನಕಲಿಸಿ, ಕಮೆಂಟನ್ನು ಮಾತ್ರ ಸೇರಿಸಿದ ಹೊಸ ಕಡತವನ್ನು ಪಡೆಯುತ್ತಾರೆ. ಚಿತ್ರದ ಗುಣಮಟ್ಟಕ್ಕೆ ಇದರಿಂದ ಕುಂದಿಲ್ಲ. ಇವೆಲ್ಲಕ್ಕೂ ‘ಷರಾ ಬರೆಯಿರಿ’, ‘ಷರಾ ಓದಿ’ ಎಂದರೆ ಸಾಕೆಂದು ನನಗನಿಸುತ್ತದೆ. ‘ಸೇರ್ಪಡೆಗೊಳಿಸಿ’, ‘ವೀಕ್ಷಿಸಿ’ ಎಂಬ ಭಾರದ ಮಾತುಗಳು ಬೇಡ.

ಆದರೆ ಮ್ಯಾಕ್ ಗಣಕದಲ್ಲಿ ಕಡತಗಳನ್ನು ತೋರಿಸುವ ಫೈಂಡರಿನಲ್ಲಿ ಗೆಟ್ ಇನ್ಫೋ ತೆರೆದು ಬರೆಯುವ ಕಮೆಂಟ್ ವಿಡಿಯೊದ ಒಳಗೆ ಹೋಗುವುದೇ ಇಲ್ಲ. ಅದು ಆ ಗಣಕದ ಕಡತವ್ಯವಸ್ಥೆಯಲ್ಲಿ ಕಡತಕ್ಕೆ ಹೊರಗಿನಿಂದ ತಗುಲಿಕೊಂಡಿರುತ್ತದೆ. ಕಡತವನ್ನು ಪೆನ್‌ಡ್ರೈವಿಗೆ ಹಾಕಿ ವಿಂಡೋಸ್ ಗಣಕದಲ್ಲಿ ತೆರೆದರೆ ಅಲ್ಲಿ ಅದು ಕಾಣದು. ಮೇಲೆ ಅಂಟಿಸಿದ ಚೀಟಿಯ ಸ್ಥಿತಿಯೇ ಇದಕ್ಕೂ. ಈ ಎರಡನ್ನು ಒಂದೇ ಹೆಸರಿನಿಂದ ಕರೆದರೆ ಸ್ವಯಂಸೇವಕರ ಶ್ರಮ ವ್ಯರ್ಥವಾಗುತ್ತದೆ. ಒಳಗಿನದಕ್ಕೆ ‘ಷರಾ’, ಹೊರಗಿನದಕ್ಕೆ ‘ಚೀಟಿ’ ಎಂದು ಕರಡಿನಲ್ಲಿ ಸದ್ಯಕ್ಕೆ ಬರೆದಿದ್ದೇನೆ.

ಕರಾವಳಿಯ ಶಾಲೆಗಳಲ್ಲಿ, ಸಹಕಾರಿ ಸಂಘಗಳಲ್ಲಿ ದಾಖಲೆ ಪುಸ್ತಕಗಳನ್ನು ನಿರ್ವಹಿಸಿದ ಹಿರಿಯರು ಈ ಬಳಗದಲ್ಲಿದ್ದಾರೆ. ಆ ಪುಸ್ತಕಗಳ ಕೊನೆಯ ಕಾಲಮ್ಮಿಗೆ ಅಲ್ಲಿ ‘ಷರಾ’ ಎಂದೇ ಬರೆಯುತ್ತಿದ್ದರೇ, ಬೇರೆ ಪದವಿತ್ತೇ? ಒಮ್ಮೆ ಬರೆದ ಷರಾವನ್ನು ತಿದ್ದುವ ಪದ್ಧತಿ ಇತ್ತೇ, ಇದ್ದರೆ ಅದಕ್ಕೆ ಏನೆನ್ನುತ್ತಿದ್ದರು? ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.