ಒಂಬತ್ತನೇ ತರಗತಿಗೆ ಜೀವಕೋಶ: ಈರುಳ್ಳಿ ಪೊರೆಯಲ್ಲಿ ಏನನ್ನು ತೋರಿಸಬಹುದು, ಏನನ್ನು ಆಗದು?

ಪ್ರಶ್ನೆ: ಜೀವಕೋಶದ ರಚನೆ ಮತ್ತು ಕಾರ್ಯದ ಪಾಠ ಶುರುವಾಗಲಿದೆ. ಶಾಲೆಯಲ್ಲಿರುವುದು ಕನ್ನಡಿ ಇರುವ ಒಂದೇ ಸೂಕ್ಷ್ಮದರ್ಶಕ. ಐಪೀಸ್ (ಕಣ್ಣಿನ ಬಳಿಯ ಲೆನ್ಸ್) 10 ಪಟ್ಟು, ಆಬ್ಜೆಕ್ಟಿವ್ (ಸ್ಲೈಡ್ ಬಳಿಯ ಲೆನ್ಸ್) 10 ಮತ್ತು 40 ಪಟ್ಟು. ಈರುಳ್ಳಿ ಸ್ಲೈಡ್ ಮಸುಕಾಗಿ ಬರುತ್ತದೆ. ಪುಸ್ತಕದ ಚಿತ್ರ ನೋಡಿದ ಮಕ್ಕಳು ಮೈಟೋಕಾಂಡ್ರಿಯಾ (ಕೋಶಕ್ಕೆ ಶಕ್ತಿ ಒದಗಿಸುವ ಕಣ) ಎಲ್ಲಿ, ಕೋಶಪೊರೆ ಎಲ್ಲಿ ಎಂದು ಕೇಳುತ್ತಾರೆ. ಮಾಡಿ ತೋರಿಸಿ ಗೊತ್ತಿರುವವರು ದಯವಿಟ್ಟು ಹೇಳಿ.

ಪ್ರಯೋಗಾಲಯ ಸಹಾಯಕರೊಬ್ಬರು: ಮಸುಕಾಗುವುದಕ್ಕೆ ಬಹುಪಾಲು ಕಾರಣ ಪೊರೆಯೇ, ಸೂಕ್ಷ್ಮದರ್ಶಕವಲ್ಲ. ಈರುಳ್ಳಿಯನ್ನು ನಾಲ್ಕು ಭಾಗ ಮಾಡಿ, ರಸಭರಿತವಾದ ಒಂದು ಪದರ ಬಿಡಿಸಿಕೊಳ್ಳಿ. ಅದರ ಒಳಬಾಗಿದ ಬದಿಯಿಂದ ಚಿಮಟದಲ್ಲಿ ಪೊರೆ ಎಳೆದರೆ ಒಂದೇ ಸಾಲು ಕೋಶಗಳ ಹಾಳೆ ಬರುತ್ತದೆ. ತಿರುಳು ಅಂಟಿಕೊಂಡು ಬಂದರೆ ಬಿಸಾಡಿ ಇನ್ನೊಂದು ತೆಗೆಯಿರಿ. ಎರಡು ಮೂರು ಸಾಲು ಕೋಶಗಳು ಒಂದರ ಮೇಲೊಂದು ಬಿದ್ದರೆ ಯಾವ ಫೋಕಸ್‌ಗೂ ಸ್ಪಷ್ಟವಾಗುವುದಿಲ್ಲ. ಎಳೆದ ತಕ್ಷಣ ನೀರಿಗೆ ಹಾಕಬೇಕು, ಗಾಳಿಯಲ್ಲಿ ಬಿಟ್ಟರೆ ಸುರುಳಿ ಸುತ್ತುತ್ತದೆ. 5 ಮಿಲಿಮೀಟರ್ ಚೌಕದಷ್ಟು ತುಂಡು ಸಾಕು.

ಬಣ್ಣಕ್ಕೆ 1 ಹನಿ ತೆಳು ಅಯೋಡಿನ್. ಲ್ಯಾಬಿನದು ಮುಗಿದಿದ್ದರೆ ಔಷಧಿ ಅಂಗಡಿಯ ಪೊವಿಡೋನ್ ಅಯೋಡಿನ್ 1 ಹನಿಗೆ 4–5 ಹನಿ ನೀರು ಸೇರಿಸಿ. ಎರಡು ನಿಮಿಷ ಬಿಟ್ಟು ಹೆಚ್ಚಿನ ಬಣ್ಣ ತೊಳೆಯಿರಿ. ಸ್ಯಾಫ್ರನಿನ್ ಇದ್ದರೆ ಅದೂ ಆಗುತ್ತದೆ, ಆದರೆ ಗಾಢವಾದರೆ ಎಲ್ಲವೂ ಕೆಂಪಾಗಿ ಕೋಶಕೇಂದ್ರ ಅದರಲ್ಲೇ ಮುಳುಗಿಹೋಗುತ್ತದೆ. ಕವರ್‌ಸ್ಲಿಪ್‌ನ ಒಂದು ಅಂಚನ್ನು ಮೊದಲು ನೀರಿಗೆ ತಾಗಿಸಿ, ಸೂಜಿಯ ಆಸರೆಯಲ್ಲಿ ನಿಧಾನ ಇಳಿಸಿ. ನೇರ ಕೆಡವಿದರೆ ಗಾಳಿಗುಳ್ಳೆ. ಕಪ್ಪು ದಪ್ಪ ಅಂಚಿನ ಅಚ್ಚುಕಟ್ಟು ವೃತ್ತ ಕಂಡರೆ ಅದು ಗುಳ್ಳೆಯೇ, ಕೋಶವಲ್ಲ. ಇದನ್ನು ಮೊದಲೇ ಹೇಳದಿದ್ದರೆ ಅರ್ಧ ತರಗತಿ ಅದನ್ನೇ ಬರೆದುಕೊಳ್ಳುತ್ತದೆ.

ಇನ್ನು ಬೆಳಕು. ಕನ್ನಡಿಯನ್ನು ಬೆಳಗಿರುವ ಆಕಾಶದ ಕಡೆ ತಿರುಗಿಸಿ, ಸೂರ್ಯನ ಕಡೆ ಎಂದಿಗೂ ಬೇಡ, ಕಣ್ಣಿಗೆ ಅಪಾಯ. ಬೆಳಕು ಹೆಚ್ಚಾದರೂ ಕೋಶಭಿತ್ತಿ ಮಾಯವಾಗುತ್ತದೆ. ಬೆಳಕು ಹಾಯುವ ಕಿಂಡಿಯನ್ನು, ಅಂದರೆ ಡಯಾಫ್ರಾಮ್ ಅನ್ನು, ಕಿರಿದು ಮಾಡಿ. ಫೋಕಸ್ ಯಾವಾಗಲೂ 10ರಲ್ಲಿ ಶುರು: ಪಕ್ಕದಿಂದ ನೋಡುತ್ತಾ ಲೆನ್ಸನ್ನು ಸ್ಲೈಡ್ ಹತ್ತಿರ ತನ್ನಿ, ಆಮೇಲೆ ಐಪೀಸ್‌ನಲ್ಲಿ ನೋಡುತ್ತಾ ದೂರ ಸರಿಸಿ. 40ಕ್ಕೆ ಹೋದ ಮೇಲೆ ದೊಡ್ಡ ತಿರುಪನ್ನು ಮುಟ್ಟಲೇಬಾರದು, ಕವರ್‌ಸ್ಲಿಪ್ ಒಡೆದು ಲೆನ್ಸ್ ಗೀರುತ್ತದೆ.

ಸಸ್ಯಶಾಸ್ತ್ರ ಉಪನ್ಯಾಸಕಿಯೊಬ್ಬರು: ಮಕ್ಕಳ ಪ್ರಶ್ನೆ ಸರಿಯಾದದ್ದೇ, ಅದಕ್ಕೆ ಅಳತೆಯಲ್ಲಿ ಉತ್ತರ ಕೊಡಬೇಕು. ಬೆಳಕಿನ ಸೂಕ್ಷ್ಮದರ್ಶಕ ಎಷ್ಟೇ ಒಳ್ಳೆಯದಿದ್ದರೂ ಸುಮಾರು 200 ನ್ಯಾನೋಮೀಟರ್, ಅಂದರೆ 0.2 ಮೈಕ್ರೋಮೀಟರ್‌ಗಿಂತ ಹತ್ತಿರವಿರುವ ಎರಡು ಬಿಂದುಗಳನ್ನು ಬೇರೆಯಾಗಿ ತೋರಿಸಲಾರದು. ಕೋಶಪೊರೆಯ ದಪ್ಪ 7ರಿಂದ 10 ನ್ಯಾನೋಮೀಟರ್, ಅಂದರೆ ಆ ಮಿತಿಯ ಇಪ್ಪತ್ತನೇ ಒಂದು ಭಾಗ ಅಥವಾ ಅದಕ್ಕೂ ಕಡಿಮೆ. ಪ್ರೋಟೀನ್ ಕಟ್ಟುವ ಕಣವಾದ ರೈಬೋಸೋಮ್ 20–30 ನ್ಯಾನೋಮೀಟರ್. ಇವು ಕಾಣುವ ಮಾತೇ ಇಲ್ಲ. ಮೈಟೋಕಾಂಡ್ರಿಯಾ ಅರ್ಧದಿಂದ ಒಂದು ಮೈಕ್ರೋಮೀಟರ್ ಅಗಲ ಇರುತ್ತದೆ, ಆದರೆ ಅದಕ್ಕೆ ವಿಶೇಷ ಬಣ್ಣವೂ ಒಳ್ಳೆಯ ಲೆನ್ಸೂ ಬೇಕು. ಪುಸ್ತಕದ ಚಿತ್ರವನ್ನು ಒಂದೇ ನೋಟದಲ್ಲಿ ಕಂಡು ಬರೆದದ್ದಲ್ಲ. 1931ರಿಂದ ಬಂದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತೋರಿಸಿದ್ದನ್ನೂ ಸೇರಿಸಿ ಕಟ್ಟಿದ್ದು. ಮಕ್ಕಳು ಕಂಡದ್ದನ್ನಷ್ಟೇ ಬರೆಯಲಿ: ಭಿತ್ತಿ, ಕೋಶಕೇಂದ್ರ, ಅಂಚಿನಲ್ಲಿ ತೆಳುವಾಗಿ ಕೋಶದ್ರವ. ಪುಸ್ತಕ ನೋಡಿ ಮೈಟೋಕಾಂಡ್ರಿಯಾ ಸೇರಿಸಿದ ಚಿತ್ರಕ್ಕೆ ಪೂರ್ತಿ ಅಂಕ ಕೊಡುವುದು ತಪ್ಪು ಎಂದೇ ನನ್ನ ಅಭಿಪ್ರಾಯ.

ಕೋಶಕೇಂದ್ರ ಅಂಚಿಗೆ ಒತ್ತಿಕೊಂಡಿರುವುದನ್ನು ಗಮನಿಸಲು ಹೇಳಿ. ನಡುವಿನ ದೊಡ್ಡ ರಸದಾನಿ (ರಸ ತುಂಬಿದ ಚೀಲ) ಅದನ್ನು ತಳ್ಳಿರುತ್ತದೆ. ಕೆಲವು ಕೋಶಗಳಲ್ಲಿ ನಟ್ಟನಡುವೆ ಇದ್ದಂತೆ ಕಂಡರೆ ಸಣ್ಣ ತಿರುಪನ್ನು ಆಡಿಸಿ. ಅದು ಮೇಲಿನ ಅಥವಾ ಕೆಳಗಿನ ಭಿತ್ತಿಗೆ ಅಂಟಿರುವುದು ತಿಳಿಯುತ್ತದೆ. ಕೋಶಕ್ಕೆ ಆಳವೂ ಇದೆ ಎಂಬುದು ಮಕ್ಕಳಿಗೆ ಮನದಟ್ಟಾಗುವುದು ಇಲ್ಲೇ.

ಗಡ್ಡೆಯ ಪೊರೆಯಲ್ಲಿ ಹಸಿರು ಕಣಗಳಿಲ್ಲ. ಕ್ಲೋರೋಪ್ಲಾಸ್ಟ್‌ಗೆ ಕೆರೆಯ ಅಥವಾ ಅಕ್ವೇರಿಯಂ ಅಂಗಡಿಯ ಹೈಡ್ರಿಲ್ಲಾ ತನ್ನಿ. ಎಲೆ ಎರಡೇ ಸಾಲು ಕೋಶದಷ್ಟು ತೆಳು, ಕತ್ತರಿಸುವುದೂ ಬೇಡ, ಬಣ್ಣವೂ ಬೇಡ. ಸ್ವಲ್ಪ ಹೊತ್ತು ಬೆಳಕಿನಲ್ಲಿಟ್ಟು ನಡುನರದ ಹತ್ತಿರದ ಕೋಶ ನೋಡಿದರೆ ಹಸಿರು ಕಣಗಳು ಭಿತ್ತಿಯ ಗುಂಟ ಸುತ್ತುತ್ತಿರುತ್ತವೆ. ಕೋಶದ್ರವ ಹರಿಯುತ್ತಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಶಾಲೆಯಲ್ಲಿ ಸಿಗದು.

ಪ್ರೌಢಶಾಲಾ ಶಿಕ್ಷಕರೊಬ್ಬರು: ಪ್ರಾಣಿಕೋಶಕ್ಕೆ ಕೆನ್ನೆಯ ಒಳಭಾಗ. ಹಲ್ಲುಕಡ್ಡಿಯ ಮೊಂಡು ತುದಿಯಿಂದ ಮೆಲ್ಲಗೆ ಸವರಿ, 0.9 ಶೇಕಡಾ ಉಪ್ಪುನೀರಿನ ಹನಿಯಲ್ಲಿ ಕಲಸಿ, ತೆಳು ಮೆಥಿಲೀನ್ ಬ್ಲೂ 1 ಹನಿ. ಒಬ್ಬರಿಗೆ ಒಂದೇ ಕಡ್ಡಿ, ಬಳಸಿದ್ದು ನೇರ ಬ್ಲೀಚ್ ನೀರಿಗೆ.

ಗಾತ್ರ ಅಳೆಯಲು ಪಾರದರ್ಶಕ ಸ್ಕೇಲನ್ನು 10ರ ಲೆನ್ಸ್ ಕೆಳಗಿಡಿ. ನೋಟಕ್ಷೇತ್ರ 1.6 ಮಿಲಿಮೀಟರ್ ಇದ್ದು, ಉದ್ದುದ್ದಕ್ಕೆ 5 ಕೋಶ ಹಿಡಿಸಿದರೆ ಒಂದರ ಉದ್ದ 0.32 ಮಿಲಿಮೀಟರ್. 40ರ ಲೆನ್ಸ್‌ನಲ್ಲಿ ಕ್ಷೇತ್ರ ಅದರ ಕಾಲು ಭಾಗ, 0.4. ಹೋಲಿಕೆಗೆ, ಕೆನ್ನೆಯ ಕೋಶ ಸುಮಾರು 0.06.

ಪ್ರಶ್ನೆ ಕೇಳಿದವರು: ತುಂಬಾ ಉಪಯೋಗವಾಯಿತು. ಕೋಶಪೊರೆ ಕಾಣದು ಎಂದಾದರೆ ಅದು ಇದೆ ಎಂದು ತೋರಿಸುವುದು ಹೇಗೆ? ಅಯೋಡಿನ್ ಹಾಕಿದ ಈರುಳ್ಳಿ ಪೊರೆಗೆ ಉಪ್ಪುನೀರು ಬಿಟ್ಟರೆ ಏನೂ ಆಗುತ್ತಿಲ್ಲ.

ಸಸ್ಯಶಾಸ್ತ್ರ ಉಪನ್ಯಾಸಕಿ: ಅಯೋಡಿನ್ ಕೋಶವನ್ನು ಕೊಲ್ಲುತ್ತದೆ. ಸತ್ತ ಕೋಶದ ಕೋಶಪೊರೆ ಉಪ್ಪನ್ನೂ ಒಳಕ್ಕೆ ಬಿಡುತ್ತದೆ, ಹಾಗಾಗಿ ನೀರು ಹೊರಬರಲು ಕಾರಣವೇ ಇರುವುದಿಲ್ಲ. ಜೀವಂತ ಕೋಶ ಬೇಕು, ಬಣ್ಣವೂ ಅದರದ್ದೇ ಇರಬೇಕು. ಚಿತ್ರದುರ್ಗ, ಗದಗ ಕಡೆಯ ಕೆಂಪು ಈರುಳ್ಳಿ ಇದಕ್ಕೆ ಚೆನ್ನ. ಈ ಸಲ ರಸಭರಿತ ಪದರದ ಹೊರಬದಿಯ ನೇರಳೆ ಪೊರೆ ತೆಗೆಯಿರಿ. ಆ ಬಣ್ಣ ಇರುವುದು ರಸದಾನಿಯೊಳಗೆ. ರಿಯೋ ಎಂಬ ಅಲಂಕಾರಿಕ ಗಿಡದ ಎಲೆಯ ನೇರಳೆ ಕೆಳಬದಿಯೂ ಆಗುತ್ತದೆ.

ನೀರಿನಲ್ಲೇ ಸ್ಲೈಡ್ ಮಾಡಿ. 100 ಮಿಲಿಲೀಟರ್ ನೀರಿಗೆ 5 ಗ್ರಾಂ ಉಪ್ಪು ಕರಗಿಸಿ, ಕವರ್‌ಸ್ಲಿಪ್‌ನ ಒಂದು ಅಂಚಿಗೆ ಹನಿ ಹಾಕಿ, ಎದುರಂಚಿನಿಂದ ಬ್ಲಾಟಿಂಗ್ ಕಾಗದದಲ್ಲಿ ಹೀರಿ. ಕೆಲವೇ ನಿಮಿಷಗಳಲ್ಲಿ ನೇರಳೆ ಭಾಗ ಭಿತ್ತಿಯಿಂದ ಬಿಟ್ಟು ಕುಗ್ಗುತ್ತದೆ. ಕುಗ್ಗಿದ ಮುದ್ದೆಯ ಹೊರ ಅಂಚು ಇರುವಲ್ಲೇ ಕೋಶಪೊರೆ. ಭಿತ್ತಿ ಮತ್ತು ಅದರ ನಡುವಿನ ಖಾಲಿ ಜಾಗದಲ್ಲಿರುವುದು ಉಪ್ಪುನೀರು, ಏಕೆಂದರೆ ಭಿತ್ತಿ ಉಪ್ಪನ್ನು ತಡೆಯುವುದಿಲ್ಲ. ಕುಗ್ಗಿದ್ದು ಕಂಡ ಕೂಡಲೇ ಅದೇ ರೀತಿ ಬರಿ ನೀರು ಹಾಯಿಸಿದರೆ ಮತ್ತೆ ಉಬ್ಬಿ ಭಿತ್ತಿಗೆ ಅಂಟುತ್ತದೆ. ಉಪ್ಪುನೀರಿನಲ್ಲಿ ಬಹಳ ಹೊತ್ತು ಬಿಟ್ಟರೆ ಕೋಶ ಸತ್ತು ನೇರಳೆ ಬಣ್ಣ ಹೊರಗೆ ಸೋರುತ್ತದೆ, ಆಮೇಲೆ ನೀರು ಹಾಕಿಯೂ ಪ್ರಯೋಜನವಿಲ್ಲ.