ಒಂದು ಹೊಗಳಿಕೆ ಪದ್ಯ, ಒಂದು ಬಿನ್ನವತ್ತಳೆ

ಭಾನುವಾರ ಬೆಳಿಗ್ಗೆ ದೊಡ್ಡಪ್ಪ ಮನೆಯ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು. 'ಅಮೆರಿಕದಲ್ಲಿ ಗುಲಾಮಳಾಗಿದ್ದ ಕವಿ ಫಿಲಿಸ್ ವೀಟ್ಲಿ ಜಾರ್ಜ್ ವಾಷಿಂಗ್ಟನ್‌ನನ್ನು ಹೊಗಳಿ ಪದ್ಯ ಬರೆದಳು. ಅವನು ಮೆಚ್ಚಿ ಬಿಡುಗಡೆ ಕೊಡಿಸಿದ. ಒಳ್ಳೆಯ ಮಾತಿನ ಬೆಲೆ ನೋಡಿ!' ಕೆಳಗೆ ಒಂದು ಗುಲಾಬಿ.

'ಈಗಿನ ಮಕ್ಕಳು ಓದಬೇಕು' ಅಂತ ತಾವೇ ಸೇರಿಸಿದರು. ಯಾವ ಮಕ್ಕಳು ಅಂತ ಎಲ್ಲರಿಗೂ ಗೊತ್ತು. ಅವರ ಮಗನೇ ಮೊದಲು ಬಂದ.

'ಅಪ್ಪಾ, ಇದನ್ನು ಎಲ್ಲಿ ಓದಿದಿರಿ? ಬಿಡುಗಡೆ ಸಿಕ್ಕಿದ್ದು 1773ರಲ್ಲಿ. ಪದ್ಯ ಕಳಿಸಿದ್ದು 1775ರಲ್ಲಿ. ವಾಷಿಂಗ್ಟನ್ ಭೇಟಿಗೆ ಬಾ ಅಂತ ಉತ್ತರ ಬರೆದದ್ದು ನಿಜ. ಆದರೆ ಅವನ ಜಮೀನಿನಲ್ಲೇ ಗುಲಾಮರಿದ್ದರು.'

'ನಿನಗೆ ಎಲ್ಲದಕ್ಕೂ ಪುರಾವೆ ಬೇಕು. ಹೋದ ವರ್ಷ ಕಷಾಯಕ್ಕೂ ಕೇಳಿದ್ದೆ.'

ದಾವಣಗೆರೆ ಭಾವ: 'ಪಂಪನೂ ಅರಿಕೇಸರಿಯನ್ನು ಹೊಗಳಲಿಲ್ವಾ?'

'ಪಂಪನನ್ನು ಏಳು ವರ್ಷಕ್ಕೇ ಹಡಗಿಗೆ ತುಂಬಿ ತಂದು ಮಾರಲಿಲ್ಲ, ಭಾವ. ಅವಳಿಗೆ ಇಟ್ಟ ಹೆಸರೂ ಆ ಹಡಗಿನದೇ.'

ಅಷ್ಟರಲ್ಲಿ ಅತ್ತೆ: 'ಹೊಗಳಿಕೆ ಅಂದ್ರೆ ಅಣ್ಣನ ನಿವೃತ್ತಿ ನೆನಪಾಯ್ತು. ಎಂಥ ಬಿನ್ನವತ್ತಳೆ! ಆವತ್ತಿನ ಜಿಲೇಬಿ!'

'ಫ್ರೇಮು ಹಾಕಿಸಿದ್ದು ನಾನು. ದುಡ್ಡು ಇನ್ನೂ ಬಂದಿಲ್ಲ' ಅಂದರು ಭಾವ.

ಆಮೇಲೆ ಅರ್ಧ ಗಂಟೆ ಫ್ರೇಮಿನದೇ ಮಾತು. ನಾನು ಸುಮ್ನೆ ಇರಬಹುದಿತ್ತು. ಆದರೆ ವೀಟ್ಲಿಯ ಇನ್ನೊಂದು ಪದ್ಯ ಹುಡುಕಿ ಓದಿದ್ದೆ. 1772ರಲ್ಲಿ, ಇನ್ನೂ ಬಿಡುಗಡೆ ಆಗುವ ಮೊದಲು, ಬ್ರಿಟನ್ನಿನ ಮಂತ್ರಿ ಡಾರ್ಟ್‌ಮತ್‌ಗೆ ಬರೆದದ್ದು. ಶುರುವಿನಿಂದ ಬರೀ ಹೊಗಳಿಕೆ. ನಡುವೆ ಥಟ್ಟನೆ ತನ್ನ ವಿಷಯ ತೆಗೆಯುತ್ತಾಳೆ. ಸ್ವಾತಂತ್ರ್ಯದ ಮೇಲೆ ನನಗೆ ಯಾಕಿಷ್ಟು ಪ್ರೀತಿ ಅಂತ ಕೇಳುತ್ತೀರಾ? ಎಳೆಯ ವಯಸ್ಸಿನಲ್ಲೇ ನನ್ನನ್ನು ಆಫ್ರಿಕಾದಿಂದ ಕಿತ್ತು ತಂದರು. ನನ್ನ ಅಪ್ಪನ ಎದೆ ಎಷ್ಟು ನೊಂದಿತೋ! ಇಷ್ಟು ಹೇಳಿ ಮತ್ತೆ ಹೊಗಳಿಕೆಗೆ ವಾಪಸ್. ಹೊಗಳದೇ ಇದ್ದಿದ್ದರೆ ಆ ಸಾಲುಗಳು ಮಂತ್ರಿಯ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ ಅಂತ ನನ್ನ ಲೆಕ್ಕ. ಇದನ್ನೆಲ್ಲ ಬರೆದು ಹಾಕಿದೆ.

ನೀಲಿ ಟಿಕ್ ಬಂತು. ಉತ್ತರ ಬರಲಿಲ್ಲ.

ಕೊನೆಗೆ, ಗುಂಪಿನಲ್ಲಿ ಎಂದೂ ಬರೆಯದ ಚಿಕ್ಕಮ್ಮ ಕೇಳಿದರು: 'ಬರೆಯುವಾಗ ಯಜಮಾನರ ಮನೆಯಲ್ಲೇ ಇದ್ದಳು, ಅಲ್ವಾ?'

'ಅದಕ್ಕೇ ಹೇಳಿದ್ದು, ಕೃತಜ್ಞತೆ ಇರಬೇಕು' ಅಂದರು ದೊಡ್ಡಪ್ಪ.

ಅತ್ತೆ ಬಿನ್ನವತ್ತಳೆಯ ಫೋಟೋ ಹಾಕಿದರು. 'ಇದನ್ನು ಬರೆದದ್ದು ಯಾರು? ಮರೆತೇ ಹೋಯ್ತು.'

'ನಾನು. ಆಗ ನಾವು ದೊಡ್ಡ ಭಾವನವರ ಮನೆಯಲ್ಲೇ ಇದ್ದೆವಲ್ಲ' ಅಂದರು ಚಿಕ್ಕಮ್ಮ.

ಫೋಟೋ ದೊಡ್ಡದು ಮಾಡಿ ಓದಿದೆ. ಫ್ರೇಮಿನ ಮೂಲೆಯಲ್ಲಿ ಗೆದ್ದಲು ಹತ್ತಿದೆ. ಐದನೇ ಸಾಲು ಹೀಗಿತ್ತು: 'ತಾವು ಇಕ್ಕಿದ ಅನ್ನವನ್ನು ಒಂದು ದಿನವೂ ಮರೆಯಲು ತಾವು ನಮಗೆ ಬಿಡಲಿಲ್ಲ.'

'ಎಷ್ಟು ಚೆನ್ನಾಗಿ ಬರೆದಿದ್ದೀಯಮ್ಮ!' ಅಂತ ದೊಡ್ಡಪ್ಪ ಕೈಮುಗಿದ ಚಿತ್ರ ಹಾಕಿದರು. ಎರಡು.