ಸೋತಷ್ಟೂ ಮಟ್ಕಾ ಬಿಡಂಗಿಲ್ಲ ಯಾಕ?

ಗಂಗಾವತಿ ಗೆಳತಿ
ಭತ್ತದ ದುಡ್ಡು ಕೈಗೆ ಬಂದ ವಾರವೇ ನಮ್ಮ ಕಡೆ ಮಟ್ಕಾ ಚೀಟಿ ಜೋರಾಗತೈತಿ. ಗೊಬ್ಬರದ ಲೆಕ್ಕ ಪೈಸೆಗೆ ಪೈಸೆ ಇಡೋರೂ ಸಂಜೆ ನಂಬರ್ ಹಚ್ಚಿ ಕೂತಿರ್ತಾರ. ಸ್ವಸಹಾಯ ಸಂಘದ ಹೆಣ್ಮಕ್ಕಳು ಕೇಳೋದು ಎರಡೇ ಮಾತು: ಇಷ್ಟು ಸೋತರೂ ಯಾಕ ಬಿಡಂಗಿಲ್ಲ? ಸಾಲ ತೀರಿಸಿಕೊಟ್ರ ಬಿಡ್ತಾರೇನು? ತಿಳಿದವರು ಬಿಡಿಸಿ ಹೇಳ್ರಿ.

ಬಳ್ಳಾರಿ ಕೋಟೆ
ಅಕ್ಕಾ, ಬುದ್ಧಿ ಕಮ್ಮಿ ಇದ್ದವರು ಆಡ್ತಾರೆ ಅನ್ನೋ ಮಾತನ್ನ ಮೊದಲು ಬಿಡಬೇಕು. ಆಡುವವರ ಕಣ್ಣಿಗೆ ಸೋಲು ಸೋಲಾಗಿ ಕಾಣೋದೇ ಇಲ್ಲ. ಜೋಡಿ ಅಂದರೆ 00ರಿಂದ 99ರವರೆಗಿನ ಒಂದು ನಂಬರ್; 47 ಜೋಡಿ ಹಚ್ಚಿದಾಗ 46 ಬಂದರೆ "ಒಂದರಾಗ ತಪ್ಪಿತು" ಅಂತಾರೆ. 46 ಬಂದರೂ 12 ಬಂದರೂ ಹೋದ ದುಡ್ಡು ಅಷ್ಟೇ. ಆದರೆ ಮಿದುಳಿನ ಸ್ಕ್ಯಾನ್ ಅಧ್ಯಯನಗಳಲ್ಲಿ, ಗೆದ್ದಾಗ ಚುರುಕಾಗುವ ಭಾಗವೇ ಇಂಥ ಕೂದಲೆಳೆಯ ಸೋಲಿನಲ್ಲೂ ಚುರುಕಾಗಿದ್ದು ಕಂಡಿದೆ. ಓಪನ್ (ಜೋಡಿಯ ಮೊದಲ ಅಂಕಿ) ಬಂದು ಕ್ಲೋಸ್ (ಎರಡನೇ ಅಂಕಿ) ತಪ್ಪಿದರಂತೂ ಅರ್ಧ ಗೆದ್ದಂತೆಯೇ ಎದ್ದು ಹೋಗ್ತಾರೆ.

ಗೆಲುವು ಯಾವಾಗ ಅಂತ ಗೊತ್ತಿಲ್ಲದಿರೋದೂ ಒಂದು ಕಾರಣ. ಪ್ರತಿ ಸಲ ಸಿಗುತ್ತಿದ್ದ ಫಲ ನಿಂತರೆ ಬೇಗ ಕೈಬಿಡ್ತೀವಿ. ಯಾವಾಗಲೋ ಒಮ್ಮೆ ಸಿಗುವುದಾದರೆ ಬಿಡೋದು ಬಹಳ ನಿಧಾನ. ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಪ್ರಯೋಗದಲ್ಲಿ ತೋರಿಸಿದ್ದು ಇದನ್ನೇ.

ಇನ್ನು ಚಾರ್ಟ್. ನೋಟ್‌ಬುಕ್ಕಿನಲ್ಲಿ ತಿಂಗಳುಗಟ್ಟಲೆ ನಂಬರ್ ಬರೆದು, ಬಾರದೇ ಉಳಿದ ಜೋಡಿಗೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿ "ಇದು ಬಾಕಿ ಐತಿ" ಅಂತಾರೆ. ನಂಬರಿಗೆ ನೆನಪಿಲ್ಲ, ಬಾಕಿಯೂ ಇಲ್ಲ. ಆಟ ನ್ಯಾಯವಾಗಿ ನಡೆದರೂ, ಒಂದೇ ಜೋಡಿ 100 ಸಲ ಹಚ್ಚಿ ಒಮ್ಮೆಯೂ ಬಾರದಿರುವ ಸಾಧ್ಯತೆ ಶೇ 37ರ ಹತ್ತಿರ. 1913ರಲ್ಲಿ ಮಾಂಟೆ ಕಾರ್ಲೋದ ಜೂಜುಮನೆಯಲ್ಲಿ, ಕೆಂಪು ಇಲ್ಲವೇ ಕಪ್ಪಿಗೆ ದುಡ್ಡು ಹಚ್ಚುವ ರೂಲೆಟ್ ಚಕ್ರ ಸತತ 26 ಸಲ ಕಪ್ಪಿನ ಮೇಲೆ ನಿಂತಿತ್ತು. "ಈ ಸಲ ಕೆಂಪು ಬಂದೇ ಬರುತ್ತೆ" ಅಂತ ಹಚ್ಚಿದವರೆಲ್ಲ ಕಳೆದುಕೊಂಡರು.

ಮಾನ್ವಿ ಮೇಷ್ಟ್ರು
ಮನೆ ಮುಳುಗಿಸೋದು ಹೋದದ್ದನ್ನ ವಾಪಸ್ ತರುವ ಹಟ. ಅಂದರ್ ಬಾಹರ್‌ನಲ್ಲಿ 100ರಿಂದ ಶುರುಮಾಡಿ ಪ್ರತಿ ಸೋಲಿಗೂ ದುಪ್ಪಟ್ಟು ಹಚ್ಚಿದರೆ ಎಂಟನೇ ಆಟಕ್ಕೆ 12,800 ಬೇಕು. ಅದೂ ಸೋತರೆ ಒಟ್ಟು 25,500 ಹೋಯಿತು. ಗೆದ್ದಿದ್ದರೆ ಉಳಿಯುತ್ತಿದ್ದದ್ದು ಬರೀ 100.

ಆದರೆ ಈ ಲೆಕ್ಕ ಕೇಳಿ ಬಿಡ್ತಾರೆ ಅಂತ ನಂಬಬೇಡ್ರಿ. ಚಪಲ ಹತ್ತಿದಾಗ ಲೆಕ್ಕ ನೆನಪಿಗೆ ಬರಲ್ಲ. ಆ ಚಪಲ ಸಾಮಾನ್ಯವಾಗಿ ಅರ್ಧ ತಾಸಿನಲ್ಲಿ ಇಳಿಯುತ್ತೆ. ಅಷ್ಟು ಹೊತ್ತು ಕೈಗೆ ದುಡ್ಡು ಸಿಗದಂತೆ ನೋಡಬೇಕು. ಆ್ಯಪ್‌ನಲ್ಲಿ ಯುಪಿಐ ಮಿತಿ ಇಳಿಸಿ, ಚೀಟಿ ಬರೆಯೋರ ನಂಬರ್ ಬ್ಲಾಕ್ ಮಾಡಿ, ಸಂಜೆ ಆ ಹೊತ್ತಿಗೆ ಬೇರೆ ಕೆಲಸ ಗೊತ್ತುಮಾಡಿ.

ಸಾಲ ಒಂದೇ ಏಟಿಗೆ ತೀರಿಸಬೇಡಿ. ಅದು ಅವರಿಗೆ ಇನ್ನೊಂದು ಗೆಲುವಿನಂತೆ, ಉದ್ರಿಯ ಬಾಗಿಲೂ ಮತ್ತೆ ತೆರೆಯುತ್ತೆ. ಯಾರಿಗೆ ಎಷ್ಟು ಅಂತ ಅವರ ಕೈಯಿಂದಲೇ ಬರೆಸಿ, ಕಂತನ್ನು ಸಾಲ ಕೊಟ್ಟವರಿಗೇ ನೇರವಾಗಿ ಕೊಡಿ.

ಗಂಗಾವತಿ ಗೆಳತಿ
ಸರ್, ಕೆಲವರು ಗಂಡ ಹೆಂಡತಿ ಜಂಟಿ ಖಾತೆ ಮಾಡ್ಸ್ಯಾರ. ಆದ್ರೂ ದುಡ್ಡು ಖಾಲಿ ಆಗೇತಿ.

ಮಾನ್ವಿ ಮೇಷ್ಟ್ರು
ಅದು "ಇಬ್ಬರಲ್ಲಿ ಯಾರಾದರೂ" ಅನ್ನೋ ಖಾತೆ ಇರಬೇಕಮ್ಮ, ಒಬ್ಬರೇ ತೆಗೆಯಬಹುದು. ಇಬ್ಬರ ಸಹಿಯೂ ಬೇಕಾಗುವ ಖಾತೆ ಅಂತ ಬ್ಯಾಂಕಿನಲ್ಲಿ ಬರೆದುಕೊಡಿ. ಅದಕ್ಕೆ ಸಾಮಾನ್ಯವಾಗಿ ಎಟಿಎಂ ಕಾರ್ಡ್ ಕೊಡಲ್ಲ, ನಮಗೆ ಬೇಕಾದ್ದೂ ಅದೇ.

ತುಂಗಭದ್ರಾ ದಂಡೆ
ಇದು ಚಟ ಮಾತ್ರ ಅಲ್ಲ, ಕಾಯಿಲೆ. ಮಾನಸಿಕ ಕಾಯಿಲೆ ಗುರುತಿಸೋಕೆ ವೈದ್ಯರು ಬಳಸುವ 2013ರ ಕೈಪಿಡಿ ಡಿಎಸ್ಎಂ-5 ಇದನ್ನ ಕುಡಿತದ ಚಟದ ಸಾಲಿಗೇ ಸೇರಿಸಿದೆ. 12 ತಿಂಗಳಲ್ಲಿ 9 ಲಕ್ಷಣಗಳಲ್ಲಿ 4 ಕಂಡರೆ ರೋಗ ಅಂತಲೇ ಲೆಕ್ಕ. ಮನೆಯಲ್ಲಿ ಎರಡು ಪ್ರಶ್ನೆ ಕೇಳಿ: ಹಚ್ಚುವ ದುಡ್ಡು ಬರಬರುತ್ತಾ ಏರಿಸಬೇಕು ಅನಿಸಿದೆಯಾ? ಎಷ್ಟು ಆಡ್ತೀರಿ ಅಂತ ಮನೆಯವರಿಗೆ ಸುಳ್ಳು ಹೇಳಿದ್ದೀರಾ? ಒಂದಕ್ಕೆ ಹೌದು ಅಂದರೂ ಬಳ್ಳಾರಿ, ರಾಯಚೂರು, ಕೊಪ್ಪಳದ ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಮಾನಸಿಕ ವಿಭಾಗಕ್ಕೆ ಕರೆದೊಯ್ಯಿರಿ. ಹೊರಡೋಕೆ ಒಪ್ಪದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕುಡಿತ, ಖಿನ್ನತೆ ಇದ್ದರೆ ಅದನ್ನೂ ಹೇಳಿ, ಜೊತೆಗೇ ಚಿಕಿತ್ಸೆ ಆಗಬೇಕು. ವಯಸ್ಸಾದವರು ಇದ್ದಕ್ಕಿದ್ದಂತೆ ಜೂಜು ಶುರುಮಾಡಿದ್ದರೆ ನುಂಗುವ ಮಾತ್ರೆಗಳ ಚೀಟಿ ತೋರಿಸಿ; ಪಾರ್ಕಿನ್ಸನ್‌ಗೆ ಕೊಡುವ ಪ್ರಮಿಪೆಕ್ಸೋಲ್‌ನಂಥ ಔಷಧಿಯಿಂದಲೂ ಹೀಗಾಗುತ್ತೆ.

ಸಾಲವೆಲ್ಲ ಬಯಲಾದ ದಿನ ಬಹಳ ನಾಜೂಕು. ಅವತ್ತು ಬೈಯಬೇಡಿ, ಒಬ್ಬರನ್ನೇ ಬಿಡಬೇಡಿ. ಹೊಲಕ್ಕೆ ಹೊಡೆಯುವ ಔಷಧಿ ಡಬ್ಬಿಗಳನ್ನ ಮೊದಲೇ ಬೇರೆ ಮನೆಗೆ ಸಾಗಿಸಿ.